ಆಣೆ ಬಿಡಿಸಿಕೊಂಡು ಬಂದ ದಾರಿ

ಮೈಸೂರಿನ ಆಸ್ಪತ್ರೆಯಿಂದ ಸುನಂದಮ್ಮನನ್ನು ವಾಪಸು ಕರೆತಂದ ದಿನ ಮನೆಯ ಎರಡು ಒಲೆಯ ಮೇಲೂ ಗಂಜಿ ಬೇಯುತ್ತಿತ್ತು. ಅಡುಗೆಮನೆಯ ಬಲಗಡೆಯ ಒಲೆಯ ಮೇಲಿದ್ದದ್ದು ಅಕ್ಕ ಭಾಗ್ಯಮ್ಮ ಇಟ್ಟ ಗಂಜಿ. ಎಡಗಡೆಯದರ ಮೇಲಿದ್ದದ್ದು ಸುನಂದಮ್ಮನ ಮಗಳು ಬೃಂದಾ ಇಟ್ಟದ್ದು. ಅಕ್ಕಿ ಒಂದೇ ಗದ್ದೆಯದು, ನೀರು ಒಂದೇ ಕೊಳವೆ ಬಾವಿಯದು. ಸುನಂದಮ್ಮ ಕುಡಿದದ್ದು ಮಗಳು ಮಾಡಿದ್ದನ್ನು, ಅದೂ ಆರು ಚಮಚ. ಭಾಗ್ಯಮ್ಮನ ಗಂಜಿಯನ್ನು ಸಂಜೆ ಎಮ್ಮೆಯ ಕಲಗಚ್ಚಿಗೆ ಸುರಿಯಲಾಯಿತು.

ಅಕ್ಕತಂಗಿಯರು ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದವರು. ಇಬ್ಬರನ್ನೂ ಕಟ್ಟೆಮಳಲವಾಡಿಯ ಅಣ್ಣತಮ್ಮಂದಿರಿಗೆ ಒಂದೇ ಚಪ್ಪರದ ಕೆಳಗೆ ಧಾರೆ ಎರೆದು ಕೊಟ್ಟಿದ್ದರು. ಅಣ್ಣ ಮಂಟಯ್ಯನಿಗೆ ಭಾಗ್ಯಮ್ಮ, ತಮ್ಮ ಚಲುವರಾಜುವಿಗೆ ಸುನಂದಮ್ಮ. ಹದಿನೇಳು ವರ್ಷ ಇಬ್ಬರೂ ಒಂದೇ ಒಲೆಯಲ್ಲಿ ಮುದ್ದೆ ತೊಳಸಿದರು. ಆಮೇಲೆ ತೊಂಬತ್ತನಾಲ್ಕನೇ ಇಸವಿಯ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮನೆಯ ತಂಬಾಕಿನ ಬ್ಯಾರನ್ ಹತ್ತಿ ಉರಿಯಿತು.

ಬ್ಯಾರನ್ ಎಂದರೆ ಎತ್ತರದ ಗೋಡೆಯ ಒಂದು ಕೋಣೆ. ಹೊರಗಿನ ಒಲೆಗೆ ಕಟ್ಟಿಗೆ ಹಾಕಿದರೆ, ಒಳಗೆ ನೆಲದ ಮೇಲೆ ಸುತ್ತುಹಾಕಿದ ದಪ್ಪ ತಗಡಿನ ಪೈಪಿನಲ್ಲಿ ಬಿಸಿ ಹರಿಯುತ್ತದೆ. ಪೈಪಿನ ಮೇಲೆ, ಸಾಲಿನ ಮೇಲೆ ಸಾಲಾಗಿ, ಕಡ್ಡಿಗಳಿಗೆ ದಾರದಿಂದ ಕಟ್ಟಿದ ಹಸಿ ಎಲೆ ತೂಗುತ್ತದೆ. ಐದಾರು ದಿನ ಹದವಾಗಿ ಬಿಸಿ ಏರಿಸುತ್ತ ಹೋಗಬೇಕು. ಕೊನೆಯ ದಿನ ಥರ್ಮಾಮೀಟರಿನಲ್ಲಿ ನೂರಾ ಅರವತ್ತು ಡಿಗ್ರಿ ತೋರಿಸುವ ಹೊತ್ತಿಗೆ ಎಲೆ ಹಪ್ಪಳದಷ್ಟು ಗರಿಯಾಗಿರುತ್ತದೆ. ಅಂಥ ಒಂದು ಕೊನೆಯ ದಿನ, ಒಲೆ ಕಾಯುವ ಸರದಿ ಸುನಂದಮ್ಮನದಾಗಿದ್ದಾಗ, ಬೆಂಕಿ ಬಿತ್ತು.

"ಕಟ್ಟಿಗೆ ತುರುಕಿ ತುರುಕಿ ಸುಟ್ಟುಬುಟ್ಯಲ್ಲೇ," ಅಂದಳು ಭಾಗ್ಯಮ್ಮ, ಇನ್ನೂ ಹೊಗೆಯಾಡುತ್ತಿದ್ದ ಗೋಡೆಯ ಮುಂದೆ ನಿಂತು.

"ಎರಡೇ ಕೊರಡು ಕಣಕ್ಕ ಆಕಿದ್ದು. ಡಿಗ್ರಿ ನೋಡೇ ಆಕಿದ್ದು."

"ಎರಡೇ ಕೊರಡಿಗೆ ಸೂರು ಆರೋಯ್ತದಾ?"

ಊರಿನ ಅರ್ಧ ಜನ ಸೇರಿದ್ದರು. ಹತ್ತು ಜನರೆದುರಿಗೆ ತಂಗಿ ಎದುರುತ್ತರ ಕೊಟ್ಟದ್ದು ಭಾಗ್ಯಮ್ಮನಿಗೆ ಬೆಂಕಿಗಿಂತ ಜಾಸ್ತಿ ಸುಟ್ಟಿತು. ಅವಳು ಬಾಯಿಬಿಟ್ಟು ಅಂದುಬಿಟ್ಟಳು. "ನನ್ ಮಗ ವಸಂತನ ತಲೆ ಮೇಲಾಣೆ, ಧರ್ಮಸ್ಥಳದ ಮಂಜುನಾಥನ ಮೇಲಾಣೆ, ಬೆಂಕಿ ನಿಂದೇ. ತಪ್ಪು ಒಪ್ಕೊಳೋಗಂಟ ನನ್ ಕೈ ನೀರು ನೀನು ಮುಟ್ಬ್ಯಾಡ. ನಿನ್ ಕೈದು ನಾನು ಮುಟ್ಟಕಿಲ್ಲ."

"ಮಾಡದಿರೋ ತಪ್ಪ ಎಂಗಕ್ಕ ಒಪ್ಕೊಳ್ಳಿ?" ಅಂದಳು ಸುನಂದಮ್ಮ.

ಆ ಸೀಮೆಯಲ್ಲಿ ಮಂಜುನಾಥನ ಹೆಸರೆತ್ತಿ ಆಣೆ ಇಟ್ಟರೆ, ಇಬ್ಬರೂ ಜೊತೆಯಾಗಿ ಧರ್ಮಸ್ಥಳಕ್ಕೇ ಹೋಗಿ ಬಿಡಿಸಿಕೊಳ್ಳುವ ತನಕ ಒಬ್ಬರ ಅನ್ನನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕೆಲವರು ಮಾತೂ ಬಿಡುತ್ತಾರೆ. ಇವರು ಮಾತು ಬಿಡಲಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಸಗಣಿ ಬಾಚುವವರು, ಮತ್ತೆ ಕಟ್ಟಿಸಿದ ಬ್ಯಾರನ್ನಿಗೆ ಒಟ್ಟಿಗೆ ಕೂತು ಎಲೆ ಕಟ್ಟುವವರು ಮಾತು ಬಿಡುವುದಾದರೂ ಹೇಗೆ? ಎರಡನೇ ಒಲೆ ಹಾಕಿದರು. ಎರಡು ನೀರಿನ ಹಂಡೆ ಇಟ್ಟರು. ಅಷ್ಟೇ.

ಬೆಂಕಿ ಬಿದ್ದ ಎಂಟನೆಯ ದಿನ ತಂಬಾಕು ಬೋರ್ಡಿನ ಕಡೆಯಿಂದ ಒಬ್ಬ ಸಾಹೇಬರು ನೋಡಲು ಬಂದಿದ್ದರು. ಗಂಡಸರು ಹೊಲಕ್ಕೆ ಹೋಗಿದ್ದರು. ಬೂದಿಯೊಳಗೆ ಕೋಲಾಡಿಸಿ, ಗೋಡೆಗಳನ್ನು ಮುಟ್ಟಿ ನೋಡಿ, ಕಾಫಿ ತಂದ ಭಾಗ್ಯಮ್ಮನಿಗೆ ಅವರು ಹೇಳಿದ್ದು ಇಷ್ಟು. "ಕಟ್ಟಿಗೆ ಜಾಸ್ತಿಯಾಗಿದ್ರೆ ಒಲೆ ಪಕ್ಕದ ಗೋಡೆ ಮೊದಲು ಸುಡಬೇಕಿತ್ತಮ್ಮ. ಅದು ಚೆನ್ನಾಗೇ ಇದೆ. ಹತ್ತಿಕೊಂಡಿರೋದು ಆಚೆ ಮೂಲೆ. ಕೆಳಸಾಲಿನ ಯಾವುದೋ ಕಡ್ಡಿ ಸಡಿಲವಾಗಿ ಕಟ್ಟಿದ್ದಾರೆ, ಒಣಗಿದ ಎಲೆ ಜಾರಿ ಪೈಪಿನ ಮೇಲೆ ಬಿದ್ದಿದೆ. ಮುಂದಿನ ಸಲ ಗಂಟು ಬಿಗಿಯಾಗಿರಲಿ."

ಆಚೆ ಮೂಲೆಯ ಕೆಳಸಾಲಿನ ಕಡ್ಡಿಗಳನ್ನು ಕಟ್ಟಿದ್ದು ಭಾಗ್ಯಮ್ಮನೇ. ಕೂಲಿಯ ಹೆಂಗಸರು ಎದ್ದು ಹೋದ ಮೇಲೆ, ಆ ದಿನ ನೂರಾ ಇಪ್ಪತ್ತು ಕಡ್ಡಿ ಮುಗಿಸಿ ಹೇಳಿಕೊಳ್ಳಬೇಕೆಂಬ ಹಟಕ್ಕೆ ಬಿದ್ದು, ಕತ್ತಲಾಗುವುದರೊಳಗೆ ಸರಸರನೆ ಸುತ್ತಿ ಎಸೆದಿದ್ದಳು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಇಟ್ಟ ಆಣೆ ಸುಳ್ಳಾಯಿತು. ಸುಳ್ಳು ಆಣೆ ಯಾರ ತಲೆಯ ಮೇಲೆ ಇಟ್ಟದ್ದೋ ಅವನ ತಲೆಗೇ ಬರುತ್ತದೆ. ವಸಂತ ಒಬ್ಬನೇ ಮಗ.

ಹೀಗೆ ಐದು ವರ್ಷ ಕಳೆದಿತ್ತು. ವಸಂತ ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಇದ್ದ. ಈಗ ಸುನಂದಮ್ಮನ ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ನೋಡಿದ ಡಾಕ್ಟರು ಹಾಗೆಯೇ ಹೊಲಿದು, "ಮನೆಗೆ ಕರಕೊಂಡು ಹೋಗಿ, ಇಷ್ಟಪಟ್ಟದ್ದು ಕೊಡಿ" ಅಂದಿದ್ದರು.

ಇಷ್ಟಪಟ್ಟದ್ದೇನೆಂದರೆ ಉಪ್ಸಾರು. "ಅಕ್ಕ ಮಾಡೋದು," ಅಂದಳು ಸುನಂದಮ್ಮ ಮಗಳ ಹತ್ತಿರ. "ಬೆಳ್ಳುಳ್ಳಿ ಸುಟ್ಟಾಕಿ ಖಾರ ಅರೀತದಲ್ಲ, ನಮ್ಮವ್ವನಂಗೇ. ಒಂದ್ ತುತ್ತು ಸಾಕು ಕಣೇ."

ಬೃಂದಾ ಹುಣಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಅವಳು ನೇರ ಬಲಗಡೆಯ ಒಲೆಯ ಮುಂದೆ ಬಂದು ನಿಂತಳು. "ದೊಡ್ಡವ್ವ, ಅಮ್ಮಂಗೆ ಉಪ್ಸಾರು ಮಾಡ್ಕೊಡಿ. ಆಣೆ ಗೀಣೆ ಏನೂ ಆಗಲ್ಲ."

"ನಂಗೆ ಕೊಡ್ಬಾರ್ದು ಅಂತದಾ ಕೂಸೇ?"

"ಮತ್ತೆ ಕೊಡಿ. ಯಾರ್ ಬಂದು ನೋಡ್ತಾರೆ?"

ಒಳಕೋಣೆಯ ಮಂಚದಿಂದಲೇ ಸುನಂದಮ್ಮನ ಧ್ವನಿ ಬಂತು. "ಬ್ಯಾಡ ಬೃಂದಾ. ವಸಂತನ ತಲೆ ಮೇಲದೆ ಅದು. ನಾನ್ ಹೆಂಗೂ ಓಗೋಳು. ಅವನು ಬಾಳಿ ಬದುಕ್ಬೇಕು."

ಭಾಗ್ಯಮ್ಮ ಒಲೆಯೊಳಗೆ ಊದುವ ನೆಪದಲ್ಲಿ ಮುಖ ಬಗ್ಗಿಸಿದಳು.

ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಚಿಕ್ಕಬೀರಮ್ಮ ಅಂದು ಸಂಜೆ ಇಬ್ಬರು ಮಕ್ಕಳನ್ನೂ ಮುಂದೆ ಕೂರಿಸಿಕೊಂಡಳು. "ಇಂಗೇ ಕಣ್ಮುಚ್ಕೊಂಡ್ರೆ ಆಣೆ ಮನೆ ಮೇಲೇ ನಿಂತೋಯ್ತದೆ. ಬಿಡಿಸೋಕೆ ಇಬ್ರೂ ಇರ್ಬೇಕು, ಒಬ್ಬಳು ಓದ ಮೇಲೆ ಯಾರು ಬಿಡಿಸ್ತಾರೆ? ಕರ್ಕೊಂಡೋಗ್ರಲಾ."

"ಬ್ಯಾರನ್ ನಿನ್ನೆ ಹತ್ಸಿದೀನಿ, ಎಲೆ ಈಗ ಬಣ್ಣ ತಿರುಗೋ ಹೊತ್ತು," ಅಂದ ಮಂಟಯ್ಯ. "ಬುಟ್ಟೋದ್ರೆ ಅಷ್ಟೂ ಕಪ್ಪಾಯ್ತದೆ."

"ನಿನ್ನ ಕರೆದೋರ್ಯಾರು? ನೀನು ನಿನ್ನ ಸೊಪ್ಪು ಬೇಯಿಸ್ಕೊಂಡು ಕೂತ್ಕೊ."

"ಘಾಟಿಯಲ್ಲಿ ಮಳೆ ಇನ್ನೂ ನಿಂತಿಲ್ಲವ್ವ," ಅಂದ ಚಲುವರಾಜು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಓಮ್ನಿ ಓಡಿಸುತ್ತಿದ್ದ ಅವನಿಗೆ ಆ ದಾರಿ ಅಂಗೈಯಷ್ಟು ಪರಿಚಯ. "ಆ ತಿರುವಲ್ಲಿ ಗಟ್ಟಿಮುಟ್ಟಾಗಿರೋರೇ ವಾಂತಿ ಮಾಡ್ಕೊತಾರೆ."

"ನಾನ್ ಬತ್ತೀನಿ," ಅಂದಳು ಒಳಗಿನಿಂದ ಸುನಂದಮ್ಮ. "ಊರೂರು ಜನನ್ನೆಲ್ಲ ಕರ್ಕೊಂಡೋಗಿ ಮಡಿಕೇರಿ ತೋರಿಸ್ದೆ. ಕಟ್ಕೊಂಡೋಳ್ನ ಕುಶಾಲನಗರದಿಂದಾಚೆ ದಾಟಿಸ್ಲಿಲ್ಲ. ಈಗಲಾದ್ರೂ ನೋಡ್ತೀನಿ."

ಚಲುವರಾಜು ಮಾರನೆಯ ದಿನ ಓಮ್ನಿಯ ನಡುವಿನ ಸೀಟು ಬಿಚ್ಚಿ ಅಲ್ಲಿ ಹಾಸಿಗೆ ಹಾಸಿದ.

*

ಗುರುವಾರ ಬೆಳಿಗ್ಗೆ ಆರಕ್ಕೆ ಹೊರಟರು. ಹಿಂದುಗಡೆ ಸುನಂದಮ್ಮನ ತಲೆ ಭಾಗ್ಯಮ್ಮನ ತೊಡೆಯ ಮೇಲೆ, ಕಾಲು ಬೃಂದಾಳ ತೊಡೆಯ ಮೇಲೆ. ಎರಡು ನೀರಿನ ಬಾಟಲಿಗಳಿದ್ದವು. ಅದಲುಬದಲಾಗದಿರಲೆಂದು ಭಾಗ್ಯಮ್ಮನದಕ್ಕೆ ಬೃಂದಾ ಕೆಂಪು ದಾರ ಸುತ್ತಿದ್ದಳು.

ಪಿರಿಯಾಪಟ್ಟಣದವರೆಗೂ ರಸ್ತೆಯ ಎರಡೂ ಕಡೆ ತಂಬಾಕೇ. ಹೊಲದ ನಡುನಡುವೆ ಬ್ಯಾರನ್ನುಗಳ ನೀಲಿ ಹೊಗೆ ನೇರ ಮೇಲೇಳುತ್ತಿತ್ತು. ಗಾಳಿ ಇರಲಿಲ್ಲ. ಅಲ್ಲಿಂದಾಚೆ ಟಿಬೆಟಿನವರ ಮುಸುಕಿನ ಜೋಳದ ಹೊಲಗಳು, ಬಣ್ಣಬಣ್ಣದ ಬಾವುಟ. ಕುಶಾಲನಗರದ ಸೇತುವೆಯ ಮೇಲೆ ಚಲುವರಾಜು ಗಾಡಿ ನಿಧಾನಿಸಿದ. ಕಾವೇರಿ ಎರಡೂ ದಡ ತುಂಬಿ, ಕಾಫಿಯ ಬಣ್ಣದಲ್ಲಿ ಹರಿಯುತ್ತಿತ್ತು.

"ಇಲ್ಲಿಗೆ ನನ್ ಪ್ರಪಂಚ ಮುಗೀತು," ಅಂದಳು ಸುನಂದಮ್ಮ. "ಇನ್ಮೇಲೆ ಎಬ್ಬಿಸಿ ಕೂರಿಸ್ರಿ. ಮಲಗ್ಕೊಂಡು ನೋಡೋಕಾಯ್ತದಾ?"

ಕೂರಿಸಿದರು. ಸುಂಟಿಕೊಪ್ಪದಿಂದ ರಸ್ತೆ ಏರತೊಡಗಿತು. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಹಸಿರು ಕಾಯಿ ಕಟ್ಟಿದ ಕಾಫಿ ಗಿಡ. ಮಡಿಕೇರಿ ಮಂಜಿನೊಳಗಿತ್ತು. ಹತ್ತು ಮಾರು ಮುಂದಿನ ಬಸ್ಸಿನ ಹಿಂದೀಪ ಮಾತ್ರ ಕಾಣುತ್ತಿತ್ತು.

"ಏನ್ರೀ ಇದು, ನೋಡೋಕೆ ಬಂದ್ರೆ ಏನೂ ಕಾಣಾಕಿಲ್ವಲ್ಲ," ಅಂದಳು ಸುನಂದಮ್ಮ.

"ಇದೇ ನೋಡೋದು. ದುಡ್ಡು ಕೊಟ್ಟು ಬತ್ತಾರೆ ಜನ ಇದ ನೋಡೋಕೆ."

"ಕಾಣ್ದೇ ಇರೋದ್ನ ನೋಡೋಕೆ ದುಡ್ಡಾ?"

ಬೃಂದಾ ನಕ್ಕಳು. ಭಾಗ್ಯಮ್ಮನಿಗೂ ನಗು ಬಂತು. ತಿಂಗಳಿಂದ ಆ ಮನೆಯವರು ಒಟ್ಟಿಗೆ ನಕ್ಕಿರಲಿಲ್ಲ.

ಮಡಿಕೇರಿ ದಾಟಿ ಸಂಪಾಜೆಯ ಘಾಟಿ ಇಳಿಯುವಾಗ ಮಂಜು ಹರಿಯಿತು. ಒಂದು ಕಡೆ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಣ್ಣಿಗೆ ತಳ ಸಿಗದ ಕಾಡು. ಎದುರು ಬೆಟ್ಟದ ಮೈಮೇಲೆ ನೀರು ಬಿಳಿ ದಾರದ ಹಾಗೆ ನಾಲ್ಕು ಕಡೆ ಇಳಿಯುತ್ತಿತ್ತು. ಗಾಡಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿತು. ಐದನೆಯ ತಿರುವಿನಲ್ಲಿ ಸುನಂದಮ್ಮನಿಗೆ ವಾಂತಿಯಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಕಹಿ ನೀರು, ಅದರಲ್ಲಿ ಕಂದು ಬಣ್ಣದ ಎಳೆ.

ಗಾಡಿ ನಿಲ್ಲಿಸಿದರು. ಬೃಂದಾಳ ಬಾಟಲಿ ಖಾಲಿಯಾಗಿತ್ತು. ಅವಳು ಅದನ್ನು ಹಿಡಿದು, ಬಂಡೆಯ ಮೇಲಿಂದ ಬೀಳುತ್ತಿದ್ದ ನೀರಿನ ಕಡೆಗೆ ಓಡಿದಳು. ಚಲುವರಾಜು ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತ ಹೋದ. ಅಕ್ಕತಂಗಿಯರಿಬ್ಬರೇ ಉಳಿದರು.

"ಮುಖನಾದ್ರೂ ತೊಳೆಸ್ತೀನಿ ತಡಿ," ಅಂದಳು ಭಾಗ್ಯಮ್ಮ. ಕೆಂಪು ದಾರದ ಬಾಟಲಿಯಿಂದ ಅಂಗೈಗೆ ನೀರು ಬಸಿದುಕೊಂಡು ತಂಗಿಯ ಹಣೆಗೆ, ಕೆನ್ನೆಗೆ ಹಚ್ಚಿದಳು. ಬಾಯಿ ಅಷ್ಟು ಒಣಗಿದ್ದರೂ ಸುನಂದಮ್ಮ ಒಂದು ಹನಿಯೂ ಒಳಗೆ ಹೋಗದ ಹಾಗೆ ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡಿದ್ದಳು. ಚಿಕ್ಕ ಮಕ್ಕಳು ಔಷಧಿಗೆ ಬಾಯಿ ಬಿಗಿಯುವ ಹಾಗೆ. ಸೆರಗಿನಲ್ಲಿ ಒರೆಸಿದ ಮೇಲೇ ಬಾಯಿ ಬಿಟ್ಟಳು.

"ನಿನ್ ಕೈ ತಣ್ಣಗದೆ ಕಣಕ್ಕ."

ಈಗಲೇ ಹೇಳಿಬಿಡಲೇ ಎಂದು ಭಾಗ್ಯಮ್ಮನಿಗೆ ಅನ್ನಿಸಿತು. ಆಣೆ ಇನ್ನೂ ಬಿಟ್ಟಿಲ್ಲ, ಇನ್ನು ಮೂರು ತಾಸು, ಬಿಡಿಸಿಕೊಂಡ ಕೂಡಲೇ ಹೇಳುತ್ತೇನೆ, ಆಗ ವಸಂತನಿಗೂ ಕೇಡಿಲ್ಲ ಎಂದು ಲೆಕ್ಕ ಹಾಕಿಕೊಂಡಳು. ಆ ಲೆಕ್ಕದಲ್ಲಿ ಅವಳಿಗೆ ಯಾವ ಮೋಸವೂ ಕಾಣಲಿಲ್ಲ.

*

ಧರ್ಮಸ್ಥಳದಲ್ಲಿ ಸುನಂದಮ್ಮನನ್ನು ಚಲುವರಾಜು ಎತ್ತಿಕೊಂಡೇ ಒಳಗೆ ಹೋದ. ಭಾಗ್ಯಮ್ಮ ಸನ್ನಿಧಿಯಲ್ಲಿ ಕೇಳಬಹುದಾದ ಪ್ರಶ್ನೆಗೆಲ್ಲ ಮನಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಆದರೆ ಅವರಿಬ್ಬರೂ ಕೈಮುಗಿದು, ಕಾಣಿಕೆ ಹಾಕಿ, ಆಡಿದ ಮಾತು ಬಿಡಿಸು ಸ್ವಾಮಿ ಎಂದು ಬೇಡಿಕೊಂಡದ್ದಕ್ಕೆ ಪ್ರಸಾದ ಸಿಕ್ಕಿತು, ಆಣೆ ಬಿಟ್ಟಿತು. ತಪ್ಪು ಯಾರದೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಭಾಗ್ಯಮ್ಮ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಊಟದ ಸಾಲಿನಲ್ಲಿ ಸುನಂದಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಬಿಸಿ ಅನ್ನದ ಮೇಲೆ ಸಾರು. ಭಾಗ್ಯಮ್ಮ ಅನ್ನವನ್ನು ಬೆರಳಲ್ಲಿ ಹಿಸುಕಿ, ಸಾರಿನಲ್ಲಿ ನುಣ್ಣಗೆ ಕಲಸಿ, ಗುಬ್ಬಿಯ ತಲೆಯಷ್ಟು ಮಾಡಿ ತಂಗಿಯ ಬಾಯಿಗಿಟ್ಟಳು. ಸುನಂದಮ್ಮ ಅದನ್ನು ತುಂಬ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದಳು. ಎರಡನೆಯ ತುತ್ತು. ಮೂರನೆಯದು. ಬೃಂದಾ ತನ್ನ ಎಲೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು.

"ಸುನಂದಾ, ಒಂದ್ ಮಾತು," ಅಂದಳು ಭಾಗ್ಯಮ್ಮ.

"ನಾನ್ ಮೊದ್ಲು ಹೇಳ್ತೀನಿ ತಡಿಯಕ್ಕ." ಸುನಂದಮ್ಮ ಅವಳ ಎಂಜಲು ಕೈಯನ್ನೇ ಹಿಡಿದುಕೊಂಡಳು. "ಐದ್ ವರ್ಸ ಸುಮ್ನೆ ಅಟ ಮಾಡ್ದೆ. ಮಂಚದ ಮೇಲೆ ಬಿದ್ಕೊಂಡು ಯೋಚ್ನೆ ಮಾಡ್ದೆ. ಎರಡಲ್ಲ ಕಣಕ್ಕ, ಮೂರ್ ಕೊರಡು ಆಕಿರ್ಬೇಕು ನಾನು. ಕಣ್ಣು ಎಳೀತಿತ್ತು ಅವತ್ತು. ಬೆಂಕಿ ನಂದೇ. ನೀನೇ ಸರಿ."

ಬಡಿಸುವವನು ಹುಳಿಯ ಬಕೆಟ್ ಹಿಡಿದು ಮುಂದೆ ಬಂದು ನಿಂತ. ಬೇಡವೆಂದು ಬೃಂದಾ ಕೈ ಅಡ್ಡ ಇಟ್ಟಳು. ಅವನು ದಾಟಿ ಹೋದ.

ಚಲುವರಾಜು ತಲೆ ತಗ್ಗಿಸಿದ್ದ. ಮೂವರೂ ಭಾಗ್ಯಮ್ಮನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದರು.

"ಬುಡು, ಆಗೋಯ್ತಲ್ಲ," ಅಂದಳು ಭಾಗ್ಯಮ್ಮ.

ಅದು ಮನ್ನಿಸಿದ ಮಾತಿನ ಹಾಗೆಯೇ ಕೇಳಿಸಿತು. ಸುನಂದಮ್ಮನ ಮುಖ ಸಡಿಲವಾಯಿತು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

*

ರಾತ್ರಿ ಛತ್ರದಲ್ಲಿ ಮಲಗಿ ಬೆಳಿಗ್ಗೆ ಏಳಕ್ಕೆ ವಾಪಸು ಹೊರಟರು. ಈಗ ಗಾಡಿಯಲ್ಲಿ ಒಂದೇ ಬಾಟಲಿ. ಸುನಂದಮ್ಮ ಐದೈದು ನಿಮಿಷಕ್ಕೆ ಕೇಳುತ್ತಿದ್ದಳು. ಬಾಯಾರಿಕೆಗಿಂತ ಜಾಸ್ತಿ ಅಕ್ಕನ ಕೈಯಿಂದ ಕುಡಿಯುವ ಆಸೆಗೆ. "ಒಂದ್ ಗುಟುಕು ಕೊಡಕ್ಕ."

ಸುಳ್ಯ ಬರುವುದರೊಳಗೆ ಹೇಳುತ್ತೇನೆ ಎಂದುಕೊಂಡಳು ಭಾಗ್ಯಮ್ಮ. ರಬ್ಬರ್ ತೋಟಗಳು ಬಂದವು. ಒಂದೊಂದು ಮರಕ್ಕೂ ಕಟ್ಟಿದ ಕರಟದಲ್ಲಿ ಹಾಲು ತೊಟ್ಟಿಕ್ಕುವುದನ್ನು ನೋಡುತ್ತ ಸುನಂದಮ್ಮ, "ಎಮ್ಮೆಗಿಂತ ವಾಸಿ, ಒದೆಯಾಕಿಲ್ಲ," ಅಂದಳು. ಸುಳ್ಯ ಬಂತು, ಹೋಯಿತು.

ಸಂಪಾಜೆಯಲ್ಲಿ ಚಾ ಕುಡಿಯಲು ನಿಂತರು. ಅಂಗಡಿಯ ಮಲಯಾಳಿ ಮುದುಕ ಗಾಡಿಯೊಳಗೆ ಬಗ್ಗಿ ನೋಡಿ, "ಸುಖಮಿಲ್ಲೇ? ಹುಷಾರಿಲ್ವಾ?" ಅಂದವನು, ಕೇಳದೆಯೇ ಒಂದು ಲೋಟ ಜೀರಿಗೆ ನೀರು ಕಾಯಿಸಿ ತಂದುಕೊಟ್ಟ. ಅದನ್ನೂ ಭಾಗ್ಯಮ್ಮನೇ ಕುಡಿಸಿದಳು. ಘಾಟಿ ಹತ್ತುವ ಮೊದಲು ಹೇಳುತ್ತೇನೆ ಎಂದುಕೊಂಡಿದ್ದಳು. ಚಲುವರಾಜು ಗಾಡಿ ಎಬ್ಬಿಸಿಯೇಬಿಟ್ಟ.

ಹತ್ತುವಾಗ ಬಿಸಿಲಿತ್ತು. ನಿನ್ನೆ ಮುಚ್ಚಿಕೊಂಡಿದ್ದ ಬೆಟ್ಟಗಳೆಲ್ಲ ತೆರೆದುಕೊಂಡಿದ್ದವು. ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ಅದರ ಹಿಂದಿನದು ಹೊಗೆಯ ಬಣ್ಣ. ಒಂದು ತಿರುವಿನ ಅಗಲವಾದ ಜಾಗದಲ್ಲಿ ಸುನಂದಮ್ಮ ಇಳಿಯುತ್ತೇನೆಂದು ಹಟ ಹಿಡಿದಳು. ಗಂಡ ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿದ. ಅವಳು ಒಂದೊಂದೇ ಬೆಟ್ಟವನ್ನು ನೋಡಿದಳು.

"ಸುನಂದಾ," ಅಂದಳು ಭಾಗ್ಯಮ್ಮ, ಪಕ್ಕದಲ್ಲಿ ಕೂತು. "ಆ ಬೆಂಕಿ ವಿಸ್ಯ..."

"ಅದ್ರ ಮಾತು ಬುಡಕ್ಕ ಇನ್ನು. ನೀನು ಮನ್ನಿಸಿದ್ಯಲ್ಲ. ಇದ್ನೂ ನೋಡಿದ್ನಲ್ಲ. ಸಾಕು ನಂಗೆ."

"ಅತ್ತಿಗೇದು ದೊಡ್ಡ ಮನಸ್ಸು," ಅಂದ ಚಲುವರಾಜು ಬೀಡಿ ಹಚ್ಚುತ್ತ. "ಬ್ಯಾರೆಯೋರಾಗಿದ್ರೆ ಸನ್ನಿಧೀಲಿ ನಿಲ್ಲಿಸ್ಕೊಂಡು ನಾಕ್ ಮಾತು ಅಂದಿರೋರು."

ನಿನ್ನೆ ಮಗನ ಭಯವೊಂದು ಅಡ್ಡವಿತ್ತು. ಈಗ ಅದಿರಲಿಲ್ಲ. ಬಾಯಿ ಬಿಡದ್ದಕ್ಕೆ ಕಾರಣ ಏನೆಂದು ಭಾಗ್ಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡ ಮನಸ್ಸಿನವಳೆಂದು ಅನ್ನಿಸಿಕೊಂಡು ಒಂದು ದಿನವೂ ಆಗಿರಲಿಲ್ಲ. ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರ. ಒಂದೊಂದು ಊರನ್ನೂ ಅವಳು ಗಡುವು ಇಟ್ಟುಕೊಂಡು ದಾಟಿದಳು. ಪಿರಿಯಾಪಟ್ಟಣದಲ್ಲಿ ಬೇಯುವ ತಂಬಾಕಿನ ಸಿಹಿ ಘಾಟು ಗಾಡಿಯೊಳಗೆ ಬಂದಾಗ ಸುನಂದಮ್ಮ ನಿದ್ದೆ ಹೋಗಿದ್ದಳು. ನಿದ್ದೆಯಲ್ಲಿರುವವಳನ್ನು ಎಬ್ಬಿಸಿ ಹೇಳುವುದು ಬೇಡ ಎಂದು ಕೊನೆಯ ನೆಪವೂ ಸಿಕ್ಕಿತು.

*

ಮುಂದೆ ಮೂರು ವಾರ ಎಡಗಡೆಯ ಒಲೆ ಹೊತ್ತಲಿಲ್ಲ. ಭಾಗ್ಯಮ್ಮ ದಿನಾ ಬೆಳ್ಳುಳ್ಳಿ ಸುಟ್ಟು, ಮೆಣಸು, ಜೀರಿಗೆ ಸೇರಿಸಿ ಉಪ್ಸಾರಿನ ಖಾರ ಅರೆದಳು. ಸುನಂದಮ್ಮ ಮೊದಮೊದಲು ಎರಡು ತುತ್ತು ತಿಂದಳು, ಆಮೇಲೆ ನಾಲಿಗೆಗೆ ಹಚ್ಚಿಸಿಕೊಂಡಳು, ಕೊನೆಗೆ ಅರೆಯುವ ವಾಸನೆ ಬಂದರೆ ಸಾಕೆಂದಳು. ಊರಿನ ಹೆಂಗಸರು ನೋಡಲು ಬರುತ್ತಿದ್ದರು. ಬಂದವರಿಗೆಲ್ಲ ಅವಳು ಹೇಳುತ್ತಿದ್ದ ಮಾತು ಒಂದೇ. "ತಪ್ಪು ನಂದು ಕಣ್ರವ್ವ. ನಾನೇ ಬ್ಯಾರನ್ ಸುಟ್ಟಿದ್ದು. ನಮ್ಮಕ್ಕ ಎಲ್ಲ ಮನ್ನಿಸ್ತು."

"ಮಾತ್ ಕಮ್ಮಿ ಮಾಡು, ಸುಸ್ತಾಯ್ತದೆ," ಅನ್ನುತ್ತಿದ್ದಳು ಭಾಗ್ಯಮ್ಮ.

ಚಿಕ್ಕಬೀರಮ್ಮ ಜಗಲಿಯಲ್ಲಿ ಕೂತು ಬಂದವರಿಗೆ ಹೇಳುತ್ತಿದ್ದಳು. "ಇಂಥಾ ಸೊಸೇನ ನಾನ್ ಆರಿಸ್ಕೊಂಡ್ ಬಂದಿದ್ದು ಕಣಮ್ಮ. ಎರಡ್ನೂ."

ಸುನಂದಮ್ಮ ಸತ್ತದ್ದು ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ಭಾಗ್ಯಮ್ಮ ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಡಿಗ್ರಿ ನೋಡುತ್ತಿದ್ದಾಗ. ಬೃಂದಾ ಬಂದು "ದೊಡ್ಡವ್ವ" ಎಂದಷ್ಟೇ ಅಂದಳು. ಭಾಗ್ಯಮ್ಮ ಒಲೆಯಿಂದ ಉರಿಯುವ ಕೊರಡನ್ನು ಹೊರಗೆಳೆದು, ನೀರು ಹಾಕಿ, ಆಮೇಲೆ ಹೋದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ನೆಂಟರು ಹೋದರು, ವಸಂತನೂ ಮೈಸೂರಿಗೆ ವಾಪಸಾದ. ಹೊಲದಲ್ಲಿ ಕೊನೆಯ ಎಲೆ ಹಣ್ಣಾಗಿ ನಿಂತಿತ್ತು, ಸಾವಿಗೆಂದು ಅದು ಕಾಯುವ ಹಾಗಿರಲಿಲ್ಲ. ಬೃಂದಾ ಕಾಲೇಜಿಗೆ ರಜೆ ಹಾಕಿ ದೊಡ್ಡಮ್ಮನ ಜೊತೆ ಕಡ್ಡಿ ಕಟ್ಟಲು ಕೂತಳು. ಅವಳು ಪ್ರತಿ ಗಂಟನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದಳು. ಅಷ್ಟು ನಿಧಾನ ಮಾಡಿದರೆ ದಿನಕ್ಕೆ ನಲವತ್ತು ಕಡ್ಡಿಯೂ ಆಗದು.

"ಬೇಗ ಬೇಗ ಕಟ್ಟು ಕೂಸೇ," ಅಂದಳು ಭಾಗ್ಯಮ್ಮ.

"ಅಮ್ಮ ಹೇಳಿದ್ರು ದೊಡ್ಡವ್ವ. ಹೋಗೋಕೆ ಎರಡು ದಿನ ಮುಂಚೆ. ಬ್ಯಾರನ್ ಕೆಲಸದಲ್ಲಿ ಯಾವತ್ತೂ ಮೈ ಮರೀಬೇಡ, ಒಲೆ ಹತ್ರ ಕೂತ್ರೆ ಕೊರಡು ಎಣಿಸಿ ಹಾಕು, ನನ್ನ ಹಾಗೆ ಸುಡಬೇಡ ಅಂತ." ಬೃಂದಾ ದಾರವನ್ನು ಹಲ್ಲಿನಿಂದ ಕಡಿದಳು. "ಮಾತಾಡೋಕೆ ಆಗ್ತಿರಲಿಲ್ಲ. ಆದರೂ ಅದನ್ನ ಪೂರ್ತಿ ಹೇಳಿದ್ರು. ನೀವು ಮನ್ನಿಸಿದ್ರಲ್ಲ, ಅದೇ ಒಂದು ಸಮಾಧಾನ ಅವರಿಗೆ."

ಭಾಗ್ಯಮ್ಮನ ಕೈಯಲ್ಲಿದ್ದ ಎಲೆಯ ಕಟ್ಟು ತೊಡೆಯ ಮೇಲೆ ಹಾಗೆಯೇ ನಿಂತಿತು.

"ನಿಮ್ಮವ್ವ ಸುಡ್ಲಿಲ್ಲ," ಅಂದಳು.

ಬೃಂದಾ ತಲೆ ಎತ್ತಿದಳು.

ಭಾಗ್ಯಮ್ಮ ಹೇಳಿದಳು. ಬೋರ್ಡಿನ ಸಾಹೇಬರು, ಸುಡದೆ ಉಳಿದ ಒಲೆ ಪಕ್ಕದ ಗೋಡೆ, ಆಚೆ ಮೂಲೆ, ನೂರಾ ಇಪ್ಪತ್ತು ಕಡ್ಡಿ. ಒಂದನ್ನೂ ಬಿಡದೆ, ಏನನ್ನೂ ಸೇರಿಸದೆ ಹೇಳಿದಳು. ಹೇಳುವುದು ಇಷ್ಟು ಸುಲಭವಾಗಿತ್ತು, ಐದು ನಿಮಿಷವೂ ಹಿಡಿಯಲಿಲ್ಲ.

ಬೃಂದಾ ಕೈಯಲ್ಲಿದ್ದ ಕಡ್ಡಿಯ ಕೊನೆಯ ಗಂಟು ಬಿಗಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. "ಧರ್ಮಸ್ಥಳಕ್ಕೆ ಹೋಗೋತನಕ ವಸಂತಣ್ಣನ ಭಯ. ಸರಿ. ಬರುವಾಗ?"

ಭಾಗ್ಯಮ್ಮ ತೊಡೆಯ ಮೇಲಿನ ಎಲೆಯ ಕಟ್ಟನ್ನು ಮತ್ತೆ ಕೈಗೆತ್ತಿಕೊಂಡಳು.

"ಇಪ್ಪತ್ತೆರಡು ದಿನ ಇದ್ರು ಅಮ್ಮ, ಬಂದ ಮೇಲೆ," ಅಂದಳು ಬೃಂದಾ. ಮಿಕ್ಕ ಎಲೆಯನ್ನೂ ಕಟ್ಟಿ, ಕಡ್ಡಿಗಳನ್ನು ಗೋಡೆಗೆ ಒರಗಿಸಿ ಎದ್ದಳು.

ಅಂದು ಸಂಜೆ ಭಾಗ್ಯಮ್ಮ ಐದು ತಟ್ಟೆ ಹಾಕಿದಳು. ನಾಲ್ಕು ತಟ್ಟೆಯ ಮುಂದೆ ಜನ ಕೂತರು. ಬೃಂದಾ ಎಡಗಡೆಯ ಒಲೆಯ ಬೂದಿ ಬಾಚಿ, ಹಸಿ ಸಗಣಿಯಿಂದ ಸಾರಿಸಿ, ಚಿಕ್ಕ ತಪಲೆಯೊಂದರಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸ ಮಾಡುವ ಮುಖವಿತ್ತು.

"ಯಾಕವ್ವ, ಅಡ್ಗೆ ಆಗದಲ್ಲ," ಅಂದ ಚಲುವರಾಜು.

"ನೀವು ಊಟ ಮಾಡಿ ಅಪ್ಪ. ನಂಗೆ ಮಾತ್ರ."

ಮಂಟಯ್ಯ ಹೆಂಡತಿಯ ಮುಖ ನೋಡಿದ. ಅವಳು ಮುದ್ದೆ ಮುರಿಯುತ್ತಿದ್ದಳು.

ಗೋಡೆ ಹಿಡಿದುಕೊಂಡು ಎದ್ದ ಚಿಕ್ಕಬೀರಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಂದು ಒಲೆಯಿಂದ ಇನ್ನೊಂದು ಒಲೆಗೆ ನೋಡಿದಳು.

"ಏನ್ರೇ ಇದು ಮತ್ತೆ. ಆಣೆ ಏನಾರ ಇಟ್ಕೊಂಡ್ರಾ ನೀವು? ಇಟ್ಕೊಂಡಿದ್ರೆ ಈಗಲೇ ಬಾಯ್ಬುಟ್ಟು ಹೇಳ್ರಿ. ನಾಳೇನೇ ಗಾಡಿ ಕಟ್ಸಿ ಬಿಡಿಸ್ಕೊಂಡ್ ಬರಾಣ."

"ಆಣೆ ಏನೂ ಇಲ್ಲ ಕಣಜ್ಜಿ," ಅಂದಳು ಬೃಂದಾ, ಮತ್ತು ಒಲೆ ಹೊತ್ತಿಸಿದಳು.